ಕ್ಯಾಮರಾಕ್ಕೆ ಚಾರ್ಜ್ ಇರಲಿಲ್ಲ, ಲಾಠಿಗೆ ಇತ್ತು

"ತಮ್ಮಾ, ಆ ಸಾಹೇಬನ ಎದಿ ಮ್ಯಾಲೆ ಕರಡಿಗಿ ಹಂಗ ಏನೋ ಐತಲ್ಲ, ಏನದು?"

ನಮ್ಮವ್ವ ಇದನ್ನು ಕೇಳಿದ್ದು ಎರಡು ವರ್ಷದ ಹಿಂದೆ, ಏಪ್ರಿಲ್ 14ರ ಸಂಜೆ. ಬಾಬಾಸಾಹೇಬರ ಜಯಂತಿಯ ಮೆರವಣಿಗೆ ನಮ್ಮ ಓಣಿ ದಾಟಿ ಊರ ಅಗಸಿಯ ಹತ್ತಿರ ಬಂದಿತ್ತು. ಕಟ್ಟೆಯ ಮೇಲೆ ಕುಂತವರು ಎದ್ದು ನಿಂತಿದ್ದರು. ಗೌರವಕ್ಕಲ್ಲ. ನಡುವೆ ಪೊಲೀಸ್ ಜೀಪು. ಜೀಪಿನ ಮುಂದೆ ನಿಂತ ಸಾಹೇಬರ ಎದೆಯ ಮೇಲೆ ಕರೀ ಡಬ್ಬಿ, ಅದರಲ್ಲಿ ಸಣ್ಣ ಕೆಂಪು ದೀಪ.

"ಅದು ಕ್ಯಾಮರಾ ಬೇ. ಇಲ್ಲಿ ನಡಿಯೂದೆಲ್ಲಾ ಅದರಾಗ ಬೀಳತೈತಿ" ಅಂದೆ.

"ಹಂಗಾರ ಚಲೋ ಆತು. ಇನ್ನ ಯಾರೂ ಸುಳ್ಳ ಹೇಳಾಕ ಬರಾಂಗಿಲ್ಲ" ಅಂದಳು ಅವ್ವ.

ಹತ್ತು ನಿಮಿಷದಲ್ಲಿ ಗೋಡೆಯ ಹಿಂದಿನಿಂದ ಕಲ್ಲು ಬಂತು. ಕಲ್ಲು ಬಂದ ದಿಕ್ಕಿಗೆ ಲಾಠಿ ಹೋಗಲಿಲ್ಲ, ಕಲ್ಲು ಬಿದ್ದ ದಿಕ್ಕಿಗೆ ಬಂತು. ನಮ್ಮ ಕಾಕಾನ ತಲೆಗೆ ಏಳು ಹೊಲಿಗೆ. ವಾರ ಕಳೆಯುವುದರೊಳಗೆ ನಮ್ಮ ಓಣಿಯ ಒಂಬತ್ತು ಹುಡುಗರಿಗೆ ನೋಟೀಸು: ಶಾಂತಿ ಕದಡಿದ್ದಾರೆ, ವಿಡಿಯೋದಲ್ಲಿ ಗುರುತಿಸಲಾಗಿದೆ. ಕಾಕಾನನ್ನು ಕರೆದುಕೊಂಡು ನಾನೇ ಠಾಣೆಗೆ ಹೋದೆ. "ಸಾಹೇಬ್ರ, ಅದೇ ವಿಡಿಯೋನ ಸ್ವಲ್ಪ ಹಿಂದಕ್ಕ ತಿರುವಿ ತೋರಿಸ್ರಿ. ಕಲ್ಲು ಎಲ್ಲಿಂದ ಬಂತು, ಈ ಮನಿಷ್ಯಾನ ತಲಿ ಯಾರು ಒಡದ್ರು, ಅದೂ ಇರತೈತಲ್ರಿ" ಎಂದು ಕೇಳಿದೆ.

"ಆಗ ಚಾರ್ಜ್ ಇರಲಿಲ್ಲೋ ತಮ್ಮಾ."

ನೋಡಿದಿರಾ ಗೆಳೆಯರೇ, ಎಂಥಾ ಯಂತ್ರ ಇದು! ನಮ್ಮ ಹುಡುಗರ ಮುಖ ಹಿಡಿಯಲು ಚಾರ್ಜ್ ಇತ್ತು. ನಮ್ಮ ನೆತ್ತರು ಹಿಡಿಯಲು ಚಾರ್ಜ್ ಇರಲಿಲ್ಲ. ಕ್ಯಾಮರಾಕ್ಕೆ ಇಲ್ಲದ ಚಾರ್ಜ್ ಲಾಠಿಗೆ ಇತ್ತು, ಆಮೇಲೆ ಕೋರ್ಟಿಗೆ ಹೋದ ಚಾರ್ಜ್‌ಶೀಟಿಗೆ ಇತ್ತು.

ಊರ ಹೆಸರು, ಠಾಣೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೊಂದೇ ಠಾಣೆಯ ತಪ್ಪು ಎಂದು ಉಳಿದವರು ಕೈ ತೊಳೆದುಕೊಂಡಾರು. ಕೃಷ್ಣೆಯ ದಂಡೆಯ ಒಂದು ಊರು ಎಂದರೆ ಸಾಕು. ಚಿಕ್ಕೋಡಿಯವರು, ರಾಯಬಾಗದವರು, ಅಥಣಿಯವರು, ಕಾಗವಾಡದವರು ತಮ್ಮ ತಮ್ಮ ಊರನ್ನು ಅಲ್ಲಿಟ್ಟು ಓದಿಕೊಳ್ಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿಯಿಂದ ಏನು ಬಂತೋ ಗೊತ್ತಿಲ್ಲ, ಠಾಣೆಯಲ್ಲಿ ನಿಂತು ಪ್ರಶ್ನೆ ಕೇಳುವಷ್ಟು ಧೈರ್ಯ ಬಂತು. ಉತ್ತರ ಪಡೆಯುವ ಹಕ್ಕು ಮಾತ್ರ ಇನ್ನೂ ಬರಬೇಕಾಗಿದೆ. ಈ ಲೇಖನ ಆ ಹಕ್ಕಿನ ಬಗ್ಗೆ.

ಕ್ಯಾಮರಾ ಬೇಡ ಎನ್ನುವವನಲ್ಲ ನಾನು. ನಮಗಿಂತ ಹೆಚ್ಚು ಅದು ಯಾರಿಗೂ ಬೇಕಾಗಿಲ್ಲ. ಯಾಕೆಂದರೆ ಈ ದೇಶದಲ್ಲಿ ಪೊಲೀಸನ ಮಾತಿಗೆ ಮೊಹರು ಇದೆ, ಗೌಡನ ಮಾತಿಗೆ ಸಾಕ್ಷಿಗಳ ಸಾಲು ಇದೆ, ಕೇರಿಯವನ ಮಾತಿಗೆ ಮಾತ್ರ ಇನ್ನೊಬ್ಬರ ಮಾತು ಬೇಕು. 1989ರ ದೌರ್ಜನ್ಯ ತಡೆ ಕಾಯ್ದೆ ಜಾತಿ ಎತ್ತಿ ಬೈದವನನ್ನು ಶಿಕ್ಷಿಸುತ್ತದೆ, ಖರೆ. ಆದರೆ ಬೈದದ್ದು 'ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳ'ದಲ್ಲಿ ಆಗಿರಬೇಕು. 2020ರ ನವೆಂಬರ್‌ನಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ನಡುವಿನ ಬೈಗುಳ ಈ ಕಲಮಿಗೆ ಬರುವುದಿಲ್ಲವೆಂದಿತು. ಅಂದರೆ ನೋಡಿದವರು ಬೇಕು, ಕೇಳಿದವರು ಬೇಕು, ಅವರು ಕೋರ್ಟಿಗೆ ಬಂದು ಬಾಯಿ ಬಿಡಬೇಕು.

ಸ್ವಾಮಿ, ನೋಡಿದವರು ಯಾರು? ಅದೇ ಗೌಡನ ಕಬ್ಬು ಕಡಿಯುವವರು. ಅವನ ಬಾವಿಯಿಂದ ನೀರು ತರುವವರು. ಮಗಳ ಮದುವೆಗೆ ಅವನಲ್ಲೇ ಮುಂಗಡ ತಂದವರು. ಅವರು ಬಾಯಿ ಬಿಟ್ಟರೆ ನಾಳೆ ಒಲೆ ಹತ್ತುವುದಿಲ್ಲ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ನಿಂತರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಸುಟ್ಟವರು ಯಾರು? ಬೆಂಕಿ ತಾನೇ ನಡೆದು ಬಂತೇ?

ಅದಕ್ಕೇ ಹೇಳುತ್ತೇನೆ, ಗೌಡನ ಹೊಲದಲ್ಲಿ ದುಡಿಯದ ಒಂದು ಸಾಕ್ಷಿ ನಮಗೆ ಬೇಕು. ಕ್ಯಾಮರಾ ಅಂಥ ಸಾಕ್ಷಿಯಾಗಬಹುದಿತ್ತು. ಅದಕ್ಕೆ ಸಾಲವಿಲ್ಲ, ಜಾತಿಯಿಲ್ಲ, ಮದುವೆಗೆ ಬಂದ ಮಗಳಿಲ್ಲ. ಆದರೆ ಅದನ್ನು ಕಟ್ಟಿಹಾಕಿರುವುದು ಪೊಲೀಸನ ಎದೆಗೆ. ಗುಂಡಿ ಒತ್ತುವವನು ಅವನೇ, ಆರಿಸುವವನು ಅವನೇ, ರಾತ್ರಿ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುವವನೂ ಅವನೇ. ಯಾರ ಮೇಲೆ ದೂರು ಇದೆಯೋ ಅವನ ಮನೆಯಲ್ಲೇ ಸಾಕ್ಷಿ ಉಂಡು ಮಲಗಿದರೆ ನಮಗೆ ನ್ಯಾಯ ಹೇಗೆ ಸಿಕ್ಕೀತು?

ಇನ್ನೊಂದು ಮಾತು. ನಮ್ಮದು ಗಡಿ ಸೀಮೆ. ನಿಪ್ಪಾಣಿಯ ಬೀಡಿ ಕಟ್ಟುವ ಬಾಯಿ, ಕಾಗವಾಡದ ಕಬ್ಬಿನ ಗದ್ದೆಯ ಮಾವುಶಿ, ಅವರಲ್ಲಿ ಎಷ್ಟೋ ಮಂದಿ ಅಳುವುದು ಮರಾಠಿಯಲ್ಲಿ. ಠಾಣೆಯ ಕಾಗದ ಇರುವುದು ಕನ್ನಡದಲ್ಲಿ. ಅವರು ಹೇಳಿದ್ದೇನು, ಬರೆದುಕೊಂಡದ್ದೇನು? ಕನ್ನಡವೇ ತಾಯಿನುಡಿಯಾದ ನಮ್ಮವ್ವನಿಗೂ ಆ ಕಾಗದದ ಕನ್ನಡ ತಿಳಿಯುವುದಿಲ್ಲ. 'ಹೊಲಸು ಮಾತಾಡಿ ಎದಿಗೆ ಒದ್ದ' ಎಂದು ಆಕೆ ಹೇಳಿದರೆ 'ಪರಸ್ಪರ ಮಾತಿನ ಚಕಮಕಿ ನಡೆದಿರುತ್ತದೆ' ಎಂದು ಕಾಗದದಲ್ಲಿ ಇಳಿಯುತ್ತದೆ. ಕೆಳಗೆ ಹೆಬ್ಬೆಟ್ಟು. ದೂರನ್ನು ಬರೆದುಕೊಂಡ ಮೇಲೆ ದೂರು ಕೊಟ್ಟವರಿಗೆ ಓದಿ ಹೇಳಬೇಕು, ಹೇಳದೆ ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆಯ 4ನೆಯ ಕಲಮು ಹೇಳುತ್ತದೆ. ಓದಿ ಹೇಳಿದರೋ ಇಲ್ಲವೋ ಎನ್ನುವುದಕ್ಕೆ ಸಾಕ್ಷಿ ಯಾರು? ಮತ್ತೆ ಅದೇ ಠಾಣೆ. ಕ್ಯಾಮರಾ ನಡೆಯುತ್ತಿದ್ದರೆ, ಅದರ ಧ್ವನಿ ನಮ್ಮ ಕೈಗೂ ಸಿಗುವಂತಿದ್ದರೆ, ಅವ್ವನ ಮಾತು ಅವ್ವನ ಬಾಯಲ್ಲೇ ಕೋರ್ಟಿಗೆ ಹೋಗುತ್ತಿತ್ತು. ಕಾನೂನಿನಲ್ಲೇನೋ ಇದಕ್ಕೆ ಹಾದಿ ಇದೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ 15ಎ(10)ನೆಯ ಕಲಮು, ಈ ಕಾಯ್ದೆಯಡಿಯ ಅಪರಾಧಗಳ ನಡವಳಿಗಳನ್ನೆಲ್ಲ ವಿಡಿಯೋದಲ್ಲಿ ದಾಖಲಿಸಬೇಕು ಎನ್ನುತ್ತದೆ. ನಿಮ್ಮೂರ ಯಾವ ಕೇಸಿನಲ್ಲಿ ಹೀಗೆ ದಾಖಲಾಯಿತು, ವಿಚಾರಿಸಿ ನೋಡಿ.

ಠಾಣೆಯ ಒಳಗಿನ ಕಥೆಯೂ ಇದೇ. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಠಾಣೆಗಳಿಗೂ ಆದೇಶ ಕೊಟ್ಟಿತು. ಬಾಗಿಲು, ಲಾಕಪ್ಪು, ಪಡಸಾಲೆ, ಇನ್ಸ್‌ಪೆಕ್ಟರರ ಕೋಣೆ, ಹಿತ್ತಲು, ಎಲ್ಲ ಕಡೆ ಸಿಸಿಟಿವಿ ಇರಬೇಕು. ಕತ್ತಲಲ್ಲೂ ಕಾಣಬೇಕು. ಚಿತ್ರದ ಜೊತೆ ಧ್ವನಿಯೂ ಇರಬೇಕು. 18 ತಿಂಗಳು ಕಾಪಿಡಬೇಕು, ಅಂಥ ಯಂತ್ರ ಸಿಗದಿದ್ದರೆ ಕಡಿಮೆಯೆಂದರೂ ಒಂದು ವರ್ಷ. ಠಾಣೆಯ ಮುಂದೆ ಜನರ ಭಾಷೆಯಲ್ಲಿ ಫಲಕ ಹಾಕಬೇಕು: ಇಲ್ಲಿ ಕ್ಯಾಮರಾ ಇದೆ, ನಿಮ್ಮ ಮಾನವ ಹಕ್ಕಿಗೆ ಧಕ್ಕೆಯಾದರೆ ಆಯೋಗಕ್ಕೆ, ನ್ಯಾಯಾಲಯಕ್ಕೆ, ಎಸ್ಪಿಗೆ ದೂರು ಕೊಡಬಹುದು, ನೊಂದವರು ವಿಡಿಯೋವನ್ನು ಕಾಪಿಡಿಸಿಕೊಳ್ಳಬಹುದು ಎಂದು. ಯಂತ್ರ ಕೆಟ್ಟರೆ ಹೊಣೆ ಠಾಣಾಧಿಕಾರಿಯದು. ಮೇಲೆ ನೋಡಿಕೊಳ್ಳಲು ಜಿಲ್ಲೆಗೊಂದು ಸಮಿತಿ.

ಈ ಆದೇಶ ಬಂದು ಆರು ತಿಂಗಳೂ ಆಗಿರಲಿಲ್ಲ. 2021ರ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ, ಬಾಯಾರಿ ನೀರು ಕೇಳಿದ ದಲಿತ ಯುವಕನಿಗೆ ಮೂತ್ರ ನೆಕ್ಕಿಸಿದ ಆರೋಪ ಸಬ್ ಇನ್ಸ್‌ಪೆಕ್ಟರ್ ಮೇಲೆ ಬಂತು. ಆ ಯುವಕ ಬಾಯಿ ಮುಚ್ಚಿಕೊಳ್ಳದೆ ಮೇಲಿನವರಿಗೆ ಬರೆದ. ಸಂಘಟನೆಗಳು ಬೀದಿಗಿಳಿದವು, ತನಿಖೆ ಸಿಐಡಿಗೆ ಹೋಯಿತು, ಆ ಅಧಿಕಾರಿಯ ಬಂಧನವಾದದ್ದು ಸೆಪ್ಟೆಂಬರ್‌ನಲ್ಲಿ. 1987ರಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದಾಗಲೂ ಲೋಕಕ್ಕೆ ತಿಳಿದದ್ದು ನೊಂದವರು ಬಾಯಿ ಬಿಟ್ಟದ್ದರಿಂದ, ಚಳವಳಿ ಕೂಗಿದ್ದರಿಂದ. ನಡುವೆ 34 ವರ್ಷ ಕಳೆದವು. ಯಂತ್ರ ಬಂತು, ಕೋರ್ಟಿನ ಆದೇಶ ಬಂತು. ಆದರೂ ಮರ್ಯಾದೆ ಕಳೆದುಕೊಂಡವನೇ ತನ್ನ ಮರ್ಯಾದೆ ಹೋದ ಕಥೆಯನ್ನು ಬೀದಿಯಲ್ಲಿ ನಿಂತು ಹೇಳಬೇಕು ಎನ್ನುವುದು ಮಾತ್ರ ಬದಲಾಗಲಿಲ್ಲ.

ತಮಿಳುನಾಡಿನ ಸಾತಾನ್‌ಕುಳಂ ನೆನಪಿರಲಿ. 2020ರ ಜೂನ್‌ನಲ್ಲಿ ಜಯರಾಜ್, ಬೆನ್ನಿಕ್ಸ್ ಎಂಬ ತಂದೆ ಮಗನನ್ನು ಠಾಣೆಯಲ್ಲಿ ರಾತ್ರಿಯಿಡೀ ಬಡಿದರು, ಇಬ್ಬರೂ ಸತ್ತರು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟರು ಕಂಡದ್ದೇನು? ಠಾಣೆಯಲ್ಲಿ ಕ್ಯಾಮರಾ ಇತ್ತು, ಬೇಕಾದಷ್ಟು ಜಾಗವಿದ್ದ ಹಾರ್ಡ್ ಡಿಸ್ಕ್ ಇತ್ತು, ಆದರೆ ದಿನದ ವಿಡಿಯೋ ದಿನವೂ ತಾನಾಗಿಯೇ ಅಳಿಸಿಹೋಗುವಂತೆ ಅದನ್ನು ಹೊಂದಿಸಿಟ್ಟಿದ್ದರು! ಕೊನೆಗೆ ಬಾಯಿ ಬಿಟ್ಟವಳು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಯಂತ್ರಕ್ಕೆ ಇಲ್ಲದ ಎದೆಗಾರಿಕೆ ಒಬ್ಬ ಹೆಣ್ಣುಮಗಳಿಗೆ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ರಾಜಸ್ಥಾನದಲ್ಲಿ ಕೆಲವೇ ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ಪತ್ರಿಕಾ ವರದಿ ಓದಿ, ಠಾಣೆಗಳ ಕ್ಯಾಮರಾ ಯಾಕೆ ನಡೆಯುತ್ತಿಲ್ಲವೆಂದು ತಾನಾಗಿಯೇ ಮತ್ತೆ ಕೇಳಬೇಕಾಯಿತು. ಐದು ವರ್ಷದ ಹಿಂದೆ ತಾನೇ ಕೊಟ್ಟ ಆದೇಶದ ಬಗ್ಗೆ ಈ ಪ್ರಶ್ನೆ. ದೇಶದ ದೊಡ್ಡ ಕೋರ್ಟಿಗೇ ಹೀಗಾದರೆ ನಮ್ಮ ಕಾಕಾನ ಪಾಡೇನು?

ಕ್ಯಾಮರಾ ಚಾಲೂ ಇದ್ದರೂ ಸಾಲದು, ಅದರೊಳಗಿನದು ಹೊರಗೆ ಬರಬೇಕು. ಅಮೆರಿಕದ ಶಿಕಾಗೋದಲ್ಲಿ 2014ರ ಅಕ್ಟೋಬರ್ 20ರಂದು ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ 17 ವರ್ಷದ ಕಪ್ಪು ಹುಡುಗನಿಗೆ ಪೊಲೀಸನೊಬ್ಬ 16 ಗುಂಡು ಹೊಡೆದ. ಚಾಕು ಹಿಡಿದು ಮೈಮೇಲೆ ಬಂದ ಎಂದರು ಪೊಲೀಸರು. ಪೊಲೀಸ್ ಕಾರಿನ ಕ್ಯಾಮರಾದಲ್ಲಿ ಆ ಹುಡುಗ ದೂರ ಸರಿಯುತ್ತಿದ್ದ. ಆ ವಿಡಿಯೋವನ್ನು 13 ತಿಂಗಳು ಮುಚ್ಚಿಟ್ಟರು. ಒಬ್ಬ ಪತ್ರಕರ್ತ ಕೋರ್ಟಿಗೆ ಹೋಗಿ ಗೆದ್ದ ಮೇಲೆ 2015ರ ನವೆಂಬರ್ 24ರಂದು ಹೊರಬಿಟ್ಟರು. ಕೊಲೆ ಆರೋಪ ಹೊರಿಸಿದ್ದೂ ಅದೇ ದಿನ! 13 ತಿಂಗಳು ಕಾಣದ ಕೊಲೆ, ಜನ ನೋಡುತ್ತಾರೆಂದ ಕೂಡಲೇ ಸರ್ಕಾರದ ಕಣ್ಣಿಗೆ ಕಂಡಿತು. ಆಮೇಲೆ ಆ ನಗರದಲ್ಲಿ ಇಂಥ ವಿಡಿಯೋಗಳನ್ನು 60 ದಿನದೊಳಗೆ ಬಿಡುಗಡೆ ಮಾಡಬೇಕೆಂಬ ನಿಯಮ ಬಂತು. 2020ರಲ್ಲಿ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯ ಮೇಲೆ ಮೊಣಕಾಲಿಟ್ಟು ಕೊಂದಾಗಲೂ ಪೊಲೀಸರ ಮೈಮೇಲೆ ಕ್ಯಾಮರಾ ಇತ್ತು. ಲೋಕ ನೋಡಿದ್ದು ಅದನ್ನಲ್ಲ, ದಾರಿಯಲ್ಲಿ ನಿಂತ 17 ವರ್ಷದ ಹುಡುಗಿಯೊಬ್ಬಳ ಮೊಬೈಲಿನ ವಿಡಿಯೋವನ್ನು.

ಹಾಗಾದರೆ ಎಲ್ಲವನ್ನೂ ಬೀದಿಗೆ ಬಿಡಬೇಕೇ? ಇಲ್ಲ. ಇಲ್ಲಿ ನಾವು ಎಚ್ಚರ ತಪ್ಪಬಾರದು. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮೂರಿಯಲ್ಲಿ ಒಬ್ಬ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಹೈಕೋರ್ಟು ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು, ಆಕೆಯನ್ನು ನೋಡಲು ಸಾಲುಗಟ್ಟಿದವರನ್ನೂ ತಡೆಯಬೇಕಾಯಿತು. ನಮ್ಮ ಹೆಣ್ಣುಮಕ್ಕಳ ಅವಮಾನ ಯಾರದೋ ಮೊಬೈಲಿನಲ್ಲಿ ಸಂಜೆಯ ಮೋಜು ಆಗಬೇಕಾಗಿಲ್ಲ. ಆದ್ದರಿಂದ ಮೊದಲ ಹಕ್ಕು ನೊಂದವರದು. ಅವರು ನೋಡಬೇಕು, ಅವರಿಗೆ ಪ್ರತಿ ಸಿಗಬೇಕು, ಜನರಿಗೆ ತೋರಿಸಬೇಕೋ ಬೇಡವೋ ಅವರೇ ಹೇಳಬೇಕು. ತೋರಿಸುವುದಾದರೆ ಅವರ ಮುಖ, ಹೆಸರು ಮರೆಯಾಗಿರಬೇಕು. ಹೊಡೆದವನ ಮುಖಕ್ಕೆ ಮಾತ್ರ ಸೆರಗು ಬೇಡ. ಈಗ ನಡೆದಿರುವುದು ಇದಕ್ಕೆ ತಿರುಗುಮುರುಗು. ಪೊಲೀಸರ ವಿಡಿಯೋ ಕೇಳಿದರೆ 'ತನಿಖೆಗೆ ಅಡ್ಡಿ' ಎಂದು ಮಾಹಿತಿ ಹಕ್ಕಿನ 8(1)(ಎಚ್) ತೋರಿಸುತ್ತಾರೆ, ಇಲ್ಲವೇ 'ವೈಯಕ್ತಿಕ ಮಾಹಿತಿ' ಎನ್ನುತ್ತಾರೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಎರಡನೆಯ ನೆಪವನ್ನು ಇನ್ನಷ್ಟು ದೊಡ್ಡದು ಮಾಡಿತು. ಅಲ್ರೀ, ಸರ್ಕಾರಿ ಸಂಬಳ ತಗೊಂಡು, ಸರ್ಕಾರಿ ಅಂಗಿ ತೊಟ್ಟು, ಸರ್ಕಾರಿ ಲಾಠಿಯಿಂದ ನಡುಬೀದಿಯಲ್ಲಿ ಹೊಡೆದದ್ದು ವೈಯಕ್ತಿಕ ಹೇಗಾದೀತು?

ಯಾರ ಪೆಟ್ಟು ಕಾಣುತ್ತದೆ ಎನ್ನುವುದನ್ನೂ ನೋಡಿ. 2024ರ ಡಿಸೆಂಬರ್ 10ರಂದು ಬೆಳಗಾವಿಯ ಸುವರ್ಣ ಸೌಧದ ಹತ್ತಿರ ಪಂಚಮಸಾಲಿ ಹೋರಾಟಗಾರರ ಮೇಲೆ ಲಾಠಿ ಬೀಸಿದರು. ಇಡೀ ನಾಡು ಟಿವಿಯಲ್ಲಿ ನೋಡಿತು. ನೋಡಬೇಕಾದ್ದೇ, ಪೆಟ್ಟು ಯಾರಿಗೆ ಬಿದ್ದರೂ ಪೆಟ್ಟೇ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಮೂರು ವಾರ ಕುಂತಾಗ, ಏಪ್ರಿಲ್ 6ರಂದು ಗುಂಡು ಹಾರಿಸಿ 12 ರೈತರನ್ನು ಕೊಂದರು. ಅವರ ನೆನಪನ್ನು ಅವರ ಸಂಘಟನೆ ಉಳಿಸಿಕೊಂಡಿತು. ಕೇರಿಯ ಅಗಸಿಯಲ್ಲಿ ಬೀಳುವ ಪೆಟ್ಟಿಗೆ ಟಿವಿಯ ವ್ಯಾನು ಬರುವುದಿಲ್ಲ. ಅಲ್ಲಿರುವುದು ಒಂದೇ ಕ್ಯಾಮರಾ, ಅದು ಹೊಡೆಯುವವನ ಎದೆಯ ಮೇಲಿದೆ. ಅದಕ್ಕೇ ಅದರ ಕೀಲಿಗಾಗಿ ಜಗಳ ಮಾಡಬೇಕಾದವರು ನಾವು.

'ಕ್ಯಾಮರಾದ ಅಂಜಿಕೆಯಿಂದ ಪೊಲೀಸರು ಕೆಲಸ ಮಾಡಲು ಹಿಂಜರಿಯುತ್ತಾರೆ' ಎಂದು ಕೆಲವು ಸುಶಿಕ್ಷಿತರು ಹೇಳುತ್ತಾರೆ. ಯಾವ ಕೆಲಸ ಸ್ವಾಮಿ? ಎಲ್ಲರೂ ನೋಡುವಾಗ ಮಾಡಲಾಗದ ಕೆಲಸ ನಿಂತರೆ ನಿಲ್ಲಲಿ. ಮೇಲಿನವರ ಬಾಯಿಮಾತಿನ ಆದೇಶಕ್ಕೆ ಬಲಿಯಾಗುವ ಬಡ ಪೇದೆಗೂ ಇದೇ ವಿಡಿಯೋ ಆಸರೆಯಾಗುತ್ತದೆ. ಅವನೂ ಯಾವುದೋ ಕೇರಿಯ, ಯಾವುದೋ ಹಟ್ಟಿಯ ಮಗನೇ.

ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪ್ರತಿ ಠಾಣೆಯ ಮುಂದೆ ನಮ್ಮ ಬೇಡಿಕೆಗಳು ಇವು:

ಒಂದು. ಸುಪ್ರೀಂ ಕೋರ್ಟು ಹೇಳಿದ ಫಲಕ ಕನ್ನಡದಲ್ಲೂ ಮರಾಠಿಯಲ್ಲೂ, ದೊಡ್ಡ ಅಕ್ಷರದಲ್ಲಿ ಇರಬೇಕು.

ಎರಡು. ದೌರ್ಜನ್ಯದ ದೂರು ತೆಗೆದುಕೊಳ್ಳುವಾಗ, ಸ್ಥಳಕ್ಕೆ ಹೋದಾಗ, ಮೆರವಣಿಗೆಯ ಬಂದೋಬಸ್ತಿನಲ್ಲಿ ಕ್ಯಾಮರಾ ಮೊದಲಿನಿಂದ ಕೊನೆವರೆಗೆ ನಡೆಯಬೇಕು. ನಡುವೆ ಬಂದ್ ಆದರೆ ಯಾಕೆಂದು ಆಗಲೇ ಬರೆದಿಡಬೇಕು. ಸುಳ್ಳು ನೆಪಕ್ಕೆ 4ನೆಯ ಕಲಮು ಹಚ್ಚಬೇಕು.

ಮೂರು. ವಿಡಿಯೋದ ಒಂದು ಪ್ರತಿ ಠಾಣೆಯ ಹೊರಗೆ ಇರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ಶೋಧನೆ, ಜಪ್ತಿಯ ವಿಡಿಯೋ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆ ಜಪ್ತಿ ಮಾಡಿದ್ದು ಹೋಗಬಹುದಾದರೆ ತಲೆ ಒಡೆದದ್ದು ಯಾಕೆ ಹೋಗಬಾರದು?

ನಾಲ್ಕು. ನೊಂದವರು ಕೇಳಿದ ಏಳು ದಿನದಲ್ಲಿ ಪುಕ್ಕಟೆ ಪ್ರತಿ ಕೊಡಬೇಕು. ಸಾವು, ಗುಂಡು, ಲಾಠಿ ಪ್ರಹಾರ ಆದಲ್ಲಿ, ನೊಂದವರ ಒಪ್ಪಿಗೆ ಪಡೆದು 60 ದಿನದೊಳಗೆ ಜನರ ಮುಂದಿಡಬೇಕು.

ಐದು. ನಮ್ಮ ಹುಡುಗರನ್ನು ಗುರುತು ಹಿಡಿಯಲು ವಿಡಿಯೋ ಬಳಸಿದರೆ ಅದರ ತುಣುಕಲ್ಲ, ಇಡೀ ವಿಡಿಯೋವನ್ನು ಅವರಿಗೂ ಕೊಡಬೇಕು. ಜಯಂತಿಗೆ ಬಂದ ಮುಖಗಳನ್ನೆಲ್ಲ ಕೂಡಿಡುವ ಕಳ್ಳ ಪಟ್ಟಿ ನಮಗೆ ಬೇಡ.

ಬೇಡಿಕೆ ಬರೆದರೆ ಮುಗಿಯಲಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಇದು ನಿಮಗೆ. ಪೆಟ್ಟು ಬಿದ್ದ ಮರುದಿನ ನಮ್ಮವರು ಮೊದಲು ಬರುವುದು ನಿಮ್ಮ ಹತ್ತಿರ, ಅರ್ಜಿ ಬರೆಸಲು. ಆ ದಿನವೇ ಎರಡು ಅರ್ಜಿ ಬರೆಯಿರಿ. ಒಂದು ಎಸ್ಪಿಗೆ, ಇಂಥ ದಿನ ಇಂಥ ಹೊತ್ತಿನ ವಿಡಿಯೋ ಅಳಿಸದೆ ಕಾಪಿಡಿ ಎಂದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ, ಜೀವ ಮತ್ತು ಸ್ವಾತಂತ್ರ್ಯದ ಮಾತಾದರೆ 48 ಗಂಟೆ. 'ಇಲ್ಲ' ಎಂದರೂ ಆ 'ಇಲ್ಲ' ಕಾಗದದ ಮೇಲೆ ಬರಲಿ. ಚಾರ್ಜ್ ಇರಲಿಲ್ಲ ಎನ್ನುವುದನ್ನು ಸಹಿ ಹಾಕಿ ಹೇಳಲಿ. ವಿದ್ಯಾರ್ಥಿ ಗೆಳೆಯರೇ, ನೀವು ನಿಮ್ಮ ತಾಲೂಕಿನ ಠಾಣೆಗಳ ಮುಂದೆ ನಡೆದು ಹೋಗಿ, ಫಲಕ ಇದೆಯೋ ಇಲ್ಲವೋ ಬರೆದುಕೊಂಡು ಬನ್ನಿ. ಆ ಪಟ್ಟಿ ಹಿಡಿದು ಚಿಕ್ಕೋಡಿಯ ಉಪವಿಭಾಗಾಧಿಕಾರಿಯವರ ಮುಂದೆ ಕೂಡೋಣ. ದೌರ್ಜನ್ಯ ಕಾಯ್ದೆಯ ಉಪವಿಭಾಗ ಮಟ್ಟದ ಜಾಗೃತಿ ಸಮಿತಿ ಅವರದೇ ಅಧ್ಯಕ್ಷತೆಯದು.

ನಾನು ಕವಿತೆ ಬರೆಯುವವನು. ಈಚೆಗೆ ನನ್ನ ವಹಿಯಲ್ಲಿ ಕವಿತೆಗಿಂತ ಅರ್ಜಿಗಳೇ ಹೆಚ್ಚಾಗಿವೆ. ಅದರ ಬಗ್ಗೆ ಬೇಸರವಿಲ್ಲ. 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಅವತ್ತು ಅವರ ಮುಂದೆ ನೆಲದ ಮೇಲೆ ಕುಂತವರಿಗೆ ಅರ್ಜಿ ಬರೆಯಲು ಅಕ್ಷರ ಇರಲಿಲ್ಲ. ಇವತ್ತು ನಮಗಿದೆ. ಅಕ್ಷರ ಕಲಿತವನು ತನ್ನ ಓಣಿಗೆ ತೀರಿಸಬೇಕಾದ ಸಾಲವಿದು.

ಕಾಕಾನ ತಲೆಯ ಗಾಯ ಮಾಯಿದೆ, ಕೇಸು ನಡೆದಿದೆ, ಒಂಬತ್ತು ಹುಡುಗರು ಕೂಲಿ ಬಿಟ್ಟು ತಾರೀಖಿಗೆ ಹೋಗಿ ಬರುತ್ತಾರೆ. ಮೊನ್ನೆ ಅವ್ವ ಕೇಳಿದಳು, "ಆ ಕರಡಿಗ್ಯಾಗಿನ ಚಿತ್ರ ಕೊಟ್ರೇನೋ?"

"ಇಲ್ಲ ಬೇ, ಇನ್ನೂ ಕೊಟ್ಟಿಲ್ಲ" ಅಂದೆ.

"ಕೊಡೂತನಕ ಕೇಳಕೋತ ಇರು" ಅಂದಳು.